ದಬ್ಬಣದಲ್ಲಿ ಪ್ರಾಣಿ ಹಿಡಿಯುವ ಪೆಟ್ಟಿಗೆ

ಪೈಥಾನ್‌ನಲ್ಲಿ ಬರೆದ ನಲವತ್ತು ಸಾಲಿನ ಪ್ರೋಗ್ರಾಂ ಒಂದೇ ಸಂಜೆಯಲ್ಲಿ ಕುಲಗೆಟ್ಟುಹೋಯಿತು. ಕೆಡಿಸಿದವಳು ಅಕ್ಕನ ಮಗಳು, ಒಂಬತ್ತು ವರ್ಷದವಳು. ಆಟವೇನೋ ಹಳೆಯದು: ನೀವು ಮನಸ್ಸಿನಲ್ಲಿ ಒಂದು ಪ್ರಾಣಿ ನೆನೆದುಕೊಳ್ಳಬೇಕು, ಕಂಪ್ಯೂಟರ್ ಹೌದು-ಅಲ್ಲ ಪ್ರಶ್ನೆಗಳನ್ನು ಕೇಳುತ್ತಾ ಹೋಗಿ ಕೊನೆಗೆ ಹೆಸರು ಹೇಳುತ್ತದೆ. ತಪ್ಪಿದರೆ, "ನಿಮ್ಮ ಪ್ರಾಣಿ ಯಾವುದು? ನಾನು ಹೇಳಿದ್ದಕ್ಕೂ ಅದಕ್ಕೂ ಏನು ವ್ಯತ್ಯಾಸ?" ಎಂದು ಕೇಳಿ ಕಲಿತುಕೊಳ್ಳುತ್ತದೆ. 1970ರ ದಶಕದ ಬೇಸಿಕ್ ಭಾಷೆಯ ಕಾಲದಿಂದಲೂ ಕೋಡಿಂಗ್ ಕಲಿಯುವವರು ಬರೆದು ನೋಡುವ ಆಟ.

ಅವಳು ತಿಮಿಂಗಿಲ ನೆನೆದುಕೊಂಡಿದ್ದಳು. "ನೀರಿನಲ್ಲಿ ಇರುತ್ತದೆಯೇ?" ಹೌದು. "ಮೊಟ್ಟೆ ಇಡುತ್ತದೆಯೇ?" ಅದಕ್ಕೂ ಹೌದು ಒತ್ತಿದಳು. ಪ್ರೋಗ್ರಾಂ ಕಡಲಾಮೆ ಎಂದಿತು, ಅಲ್ಲ ಎಂದಳು, ಅದು ಶಿಸ್ತಾಗಿ ಕಲಿತುಕೊಂಡಿತು. ಮಾರನೆಯ ದಿನ ನಾನು ತಿಮಿಂಗಿಲ ನೆನೆದು ಸರಿ ಉತ್ತರ ಕೊಟ್ಟರೆ ಡಾಲ್ಫಿನ್ ಎಂದಿತು. ನಾನೂ ಕಲಿಸಿದೆ. ಈಗ ಅದರ ಹೊಟ್ಟೆಯಲ್ಲಿ ಎರಡು ತಿಮಿಂಗಿಲ, ಒಂದು ಮೊಟ್ಟೆ ಇಡುವುದು, ಇನ್ನೊಂದು ಮರಿ ಹಾಕುವುದು.

ತಪ್ಪು ಅವಳದಲ್ಲ, ರಚನೆಯದು. ಪ್ರಶ್ನೆಗಳನ್ನು ಮರದ ಕೊಂಬೆಗಳ ಹಾಗೆ ಜೋಡಿಸಿದಾಗ ಪ್ರತಿ ಕವಲಿನಲ್ಲೂ ಒಂದೇ ಕಡೆ ಹೋಗಬೇಕು. ಮೊದಲ ಕವಲಲ್ಲಿ ದಾರಿ ತಪ್ಪಿದವನಿಗೆ ಕೊನೆಯತನಕ ತಪ್ಪೇ ಗತಿ. ಸಸ್ಯ, ಕೀಟ ಗುರುತಿಸುವ ಕೈಪಿಡಿಗಳಲ್ಲೂ ಇದೇ ಕವಲು ದಾರಿ ಇರುತ್ತದೆ. ಫ್ರಾನ್ಸಿನ ಜೀವವಿಜ್ಞಾನಿ ಲಾಮಾರ್ಕ್ 1778ರಲ್ಲಿ ತನ್ನ ದೇಶದ ಗಿಡಗಳ ಬಗ್ಗೆ ತಂದ ಗ್ರಂಥದಲ್ಲಿ ಈ ಕ್ರಮವನ್ನೇ ಬಳಸಿದ್ದ. ಆ ಪುಸ್ತಕಗಳಲ್ಲಿ ಹಿಂದಿನ ಪುಟಕ್ಕೆ ಬೆರಳಿಟ್ಟುಕೊಂಡು ವಾಪಸು ಬರಬಹುದು. ನನ್ನ ಪ್ರೋಗ್ರಾಮಿನಲ್ಲಿ ಆ ಬೆರಳೂ ಇರಲಿಲ್ಲ.

ಹಾಗಾಗಿ ಲ್ಯಾಪ್‌ಟಾಪ್ ಮುಚ್ಚಿಟ್ಟು ಕಾರ್ಡ್ ಕೈಗೆತ್ತಿಕೊಂಡೆ.

ಅಂಚಿನುದ್ದಕ್ಕೂ ತೂತು ಕೊರೆದ ಕಾರ್ಡುಗಳ ವಿದ್ಯೆ ಕಂಪ್ಯೂಟರ್ ಎಲ್ಲರ ಕೈಗೆ ಬರುವ ಮೊದಲಿನದು. ಗ್ರಂಥಾಲಯಗಳಲ್ಲಿ, ಕಚೇರಿಗಳಲ್ಲಿ ಬಳಸುತ್ತಿದ್ದರು. ಮರದ ತುಂಡು ನೋಡಿ ಯಾವ ಜಾತಿಯ ಮರವೆಂದು ಹೇಳಬೇಕಾದವರೂ ಬಳಸುತ್ತಿದ್ದರು. ಒಂದೊಂದು ಕಾರ್ಡು ಒಂದೊಂದು ವಸ್ತು (ನನ್ನ ಆಟದಲ್ಲಿ ಪ್ರಾಣಿ), ಒಂದೊಂದು ತೂತು ಒಂದೊಂದು ಪ್ರಶ್ನೆ. ಉತ್ತರ 'ಹೌದು' ಆಗುವ ಕಾರ್ಡಿನಲ್ಲಿ ಆ ತೂತಿನಿಂದ ಅಂಚಿನವರೆಗೆ ಕತ್ತರಿಸಿ ಕಚ್ಚು ತೆಗೆಯುತ್ತಾರೆ. ಕಟ್ಟನ್ನೆಲ್ಲ ಒಟ್ಟಿಗೆ ಹಿಡಿದು ಆ ತೂತಿಗೆ ಒಂದು ಕಡ್ಡಿ ತೂರಿಸಿ ಎತ್ತಿದರೆ ಕಚ್ಚಿರುವ ಕಾರ್ಡುಗಳು ಜಾರಿ ಬೀಳುತ್ತವೆ, ಉಳಿದವು ಕಡ್ಡಿಗೆ ಜೋತಾಡುತ್ತವೆ. ಬಿದ್ದವನ್ನು ಕೂಡಿಸಿಕೊಂಡು ಮುಂದಿನ ಪ್ರಶ್ನೆ. ಯಾವ ಪ್ರಶ್ನೆಯನ್ನು ಮೊದಲು ಕೇಳಿದರೂ ನಡೆಯುತ್ತದೆ, ಅದೇ ಇದರ ಸೊಗಸು. ಗೊತ್ತಿಲ್ಲದ್ದನ್ನು ಬಿಟ್ಟು ಮುಂದೆ ಹೋಗಬಹುದು.

ನನ್ನ ಅಳತೆ: 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾರ್ಡು, 150 ಮಿ.ಮೀ. ಉದ್ದ, 100 ಅಗಲ. ಉದ್ದದ ಅಂಚಿನಲ್ಲಿ 14 ತೂತು, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 10 ಮಿ.ಮೀ., ಅಂಚಿನಿಂದ 6 ಮಿ.ಮೀ. ಒಳಗೆ. ತೂತು 4 ಮಿ.ಮೀ., ಕಡ್ಡಿ 3 ಮಿ.ಮೀ. ಕಡ್ಡಿ ಎಂದರೆ ಉಣ್ಣೆ ಹೆಣೆಯುವ ಲೋಹದ ಕಡ್ಡಿ. ಮನೆಯಲ್ಲಿ ಅದಕ್ಕೆ ಮೊದಲ ದಿನವೇ ದಬ್ಬಣ ಎಂದು ಹೆಸರು ಬಿತ್ತು, ನಾನೂ ಹಾಗೇ ಕರೆಯುತ್ತೇನೆ. ಬಲ ಮೇಲ್ಮೂಲೆಯನ್ನು ಓರೆಯಾಗಿ ಕತ್ತರಿಸಿದ್ದೇನೆ. ಕಟ್ಟಿನಲ್ಲಿ ಯಾವುದಾದರೂ ಕಾರ್ಡು ತಿರುಗುಮುರುಗಾಗಿದ್ದರೆ ಆ ಮೂಲೆಯಲ್ಲಿ ತಲೆ ಹೊರಗೆ ಹಾಕುತ್ತದೆ.

ಮೊದಲ ಕಟ್ಟು ಕಸದ ಬುಟ್ಟಿಗೆ ಹೋಯಿತು. 48 ಕಾರ್ಡುಗಳನ್ನೂ ಒಟ್ಟಿಗೆ ಕಟ್ಟಿ, ಕೈ ಡ್ರಿಲ್ ಹಿಡಿದು ಒಂದೇ ಏಟಿಗೆ ಮುಗಿಸಿಬಿಡೋಣ ಎಂಬ ಆಸೆ. ಸುಮಾರು ಎರಡು ಸೆಂಟಿಮೀಟರ್ ದಪ್ಪದ ಕಾಗದದೊಳಗೆ ಬಿಟ್ ನೆಟ್ಟಗೆ ಇಳಿಯಲಿಲ್ಲ, ಓರೆಯಾಯಿತು. ಮೇಲಿನ ಕಾರ್ಡಿಗೂ ತಳದ ಕಾರ್ಡಿಗೂ ತೂತು 2 ಮಿ.ಮೀ. ಸರಿದಿತ್ತು. ಕಡ್ಡಿಗೂ ತೂತಿಗೂ ನಡುವೆ ಇರುವ ಸಡಿಲವೇ 1 ಮಿ.ಮೀ. ಇನ್ನೆಲ್ಲಿ ತೂರೀತು? ಮೇಲಾಗಿ ತಳದ ಕಾರ್ಡುಗಳ ತೂತಿನ ಬಾಯೆಲ್ಲ ಹಿಂಜಿದ ಹತ್ತಿಯ ಹಾಗೆ ನಾರುನಾರು.

ಎರಡನೆಯ ಸಲ ಹನ್ನೆರಡರಂತೆ ನಾಲ್ಕು ಕಟ್ಟು ಮಾಡಿದೆ. ಮೇಲೊಂದು ಕೆಳಗೊಂದು ಪ್ಲೈವುಡ್ ಹಲಗೆ ಇಟ್ಟು ಸಿ-ಕ್ಲ್ಯಾಂಪಿನಿಂದ ಬಿಗಿದೆ. ಹಲಗೆಗಳ ನಡುವೆ ಒತ್ತಿಕೊಂಡಿದ್ದರೆ ಕಾಗದ ನಾರು ಬಿಡುವುದಿಲ್ಲ. ಮೇಲಿನ ಹಲಗೆಯಲ್ಲಿ 14 ತೂತುಗಳನ್ನು ಮೊದಲೇ ಅಳೆದು ಕೊರೆದಿಟ್ಟುಕೊಂಡಿದ್ದೆ, ಅದೇ ಅಚ್ಚು. ಎರಡು ತುದಿಯ ತೂತುಗಳನ್ನು ಮೊದಲು ಕೊರೆದು, ಅವಕ್ಕೆ ಒಂದೊಂದು ಬೋಲ್ಟ್ ಇಳಿಸಿ, ಆಮೇಲೆ ನಡುವಿನ ಹನ್ನೆರಡು. ಬೋಲ್ಟ್ ಇಳಿದ ಮೇಲೆ ಕಾರ್ಡು ಅಲುಗುವ ಮಾತೇ ಇಲ್ಲ. ಇದೊಂದು ಉಪಾಯ ಮೊದಲೇ ಹೊಳೆದಿದ್ದರೆ ಒಂದು ಭಾನುವಾರ ಉಳಿಯುತ್ತಿತ್ತು. ಹೇಗೂ ಕೊರೆಯುತ್ತಿದ್ದೇನಲ್ಲ ಎಂದು ಹನ್ನೆರಡು ಖಾಲಿ ಕಾರ್ಡು ಹೆಚ್ಚಿಗೆ ಕೊರೆದಿಟ್ಟೆ.

ಕಚ್ಚು ತೆಗೆಯುವುದರಲ್ಲೂ ಒಂದು ಪಾಠ ಕಲಿತೆ. ಮೊದಲು ತೂತಿನ ಅಗಲಕ್ಕೇ ನೇರವಾಗಿ ಎರಡು ಕತ್ತರಿ ಗೆರೆ ಹಾಕಿದೆ. ಕಾರ್ಡುಗಳು ಬೀಳುವ ಬದಲು ಕಚ್ಚಿನ ಮೂಲೆಗೆ ಸಿಕ್ಕಿ ಜೋತಾಡಿದವು. ಬಾಯಿ 7 ಮಿ.ಮೀ. ಆಗುವಂತೆ ಅಗಲಿಸಿದಾಗ ಸರಾಗ ಬಿದ್ದವು. ಆದರೆ ಪಕ್ಕಪಕ್ಕದ ಎರಡು ಕಚ್ಚುಗಳ ನಡುವೆ ಉಳಿದ ಹಲ್ಲಿನ ತುದಿ ಮೂರೇ ಮಿ.ಮೀ. ಆಗಿ, ನಾಲ್ಕು ಆಟಕ್ಕೆ ಮಡಚಿಕೊಂಡು ದಬ್ಬಣಕ್ಕೆ ಕೊಕ್ಕೆ ಹಾಕತೊಡಗಿತು. ಕೊನೆಗೆ ನಿಂತದ್ದು 6 ಮಿ.ಮೀ. ಬಾಯಿಗೆ. ಅಂಚಿಗೆ ತೆಳ್ಳಗೆ ಬಿಳಿ ಗೋಂದು ಸವರಿ ಒಣಗಿಸಿದ ಮೇಲೆ ಹಲ್ಲುಗಳು ಗಟ್ಟಿಯಾದವು.

ಇಷ್ಟರ ಹೊತ್ತಿಗೆ ಪೆಟ್ಟಿಗೆಯ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ನಿಜವಾದ ಕೆಲಸ ಇನ್ನೂ ಶುರುವೇ ಆಗಿರಲಿಲ್ಲ. ಪ್ರಶ್ನೆಗಳನ್ನು ಬರೆಯಬೇಕಿತ್ತು.

ಲೆಕ್ಕಕ್ಕೆ ಬಂದರೆ 48 ಪ್ರಾಣಿಗಳಿಗೆ ಆರು ಪ್ರಶ್ನೆ ಸಾಕು. ಐದು ಪ್ರಶ್ನೆ 32ನ್ನು ಬೇರೆ ಮಾಡುತ್ತದೆ, ಆರು 64ನ್ನು. ಇಪ್ಪತ್ತು ಪ್ರಶ್ನೆ ಕೊಟ್ಟರೆ 10,48,576. ಆದರೆ ಈ ಲೆಕ್ಕ ನಿಲ್ಲುವುದು ಪ್ರತಿ ಪ್ರಶ್ನೆಯೂ ಕಟ್ಟನ್ನು ಸರಿಯಾಗಿ ಅರ್ಧಕ್ಕೆ ಒಡೆದಾಗ ಮಾತ್ರ. "ಸೊಂಡಿಲು ಇದೆಯೇ?" ಎಂದು ಮೊದಲೇ ಕೇಳಿದರೆ ಎರಡು ಆನೆ ಬೀಳುತ್ತವೆ, 46 ಕಾರ್ಡು ದಬ್ಬಣದಲ್ಲೇ ಉಳಿಯುತ್ತವೆ. "ಗೊರಸು ಇದೆಯೇ?" ಚೆನ್ನಾಗಿ ಒಡೆಯಿತು, 23 ಬಿದ್ದವು. ಬಿದ್ದವನ್ನು ಎಣಿಸುವುದೇ ಪ್ರಶ್ನೆಯ ಪರೀಕ್ಷೆ.

ಪ್ರಶ್ನೆ ಬರೆಯುವ ಕೆಲಸದಲ್ಲಿ ಅಕ್ಕನ ಮಗಳೂ ಕೂತಿದ್ದಳು. ಅವಳ ಮೊದಲ ಸಲಹೆ:

"ಹೆಸರಲ್ಲಿ ಹಂದಿ ಇದೆಯಾ ಅಂತ ಕೇಳೋಣ ಮಾಮ."

"ಅದು ಪ್ರಾಣಿ ನೋಡಿ ಹೇಳೋದಲ್ಲ ಪುಟ್ಟಿ, ಹೆಸರು ಗೊತ್ತಿರಬೇಕಾಗತ್ತೆ."

"ಬೀಳಿಸಿ ನೋಡು."

ಲೆಕ್ಕಕ್ಕಾಗಿ ಬೇರೆ ಮಾಡಿಟ್ಟೆ. ಕಾಡುಹಂದಿ, ಮುಳ್ಳುಹಂದಿ, ಚಿಪ್ಪುಹಂದಿ, ಮೂರು ಬಂದವು. ಮೊದಲನೆಯದು ಮಾತ್ರ ಹಂದಿ. ಮುಳ್ಳುಹಂದಿ ಇಲಿ-ಅಳಿಲುಗಳ ಕಡೆಯದು, ದಂಶಕ. ಚಿಪ್ಪುಹಂದಿ ಇವೆರಡಕ್ಕೂ ಸಂಬಂಧವಿಲ್ಲದ, ಹಲ್ಲೇ ಇಲ್ಲದ ಇರುವೆಬಾಕ. ಆಮೇಲೆ ಇಬ್ಬರೂ ಕೂತು ನಮ್ಮ ಹೆಸರುಗಳನ್ನೆಲ್ಲ ಒಂದು ಸುತ್ತು ನೋಡಿದೆವು. ಕತ್ತೆಕಿರುಬ ಕತ್ತೆಯಲ್ಲ, ನಾಯಿಯ ಹಾಗೆ ಕಂಡರೂ ಬೆಕ್ಕು, ಪುನುಗು, ಮುಂಗುಸಿಗಳ ಬಳಗಕ್ಕೆ ಹತ್ತಿರ. ಕಾಡುಕೋಣ ಕೋಣವಲ್ಲ, ಅದು ಹಸುವಿನ ಕುಲ, ಬಾಸ್. ಎಮ್ಮೆ-ಕೋಣಗಳ ಕುಲ ಬೇರೆಯೇ, ಬುಬಾಲಸ್. ನೀಲಗಾಯಿ ಗಾಯಿಯಲ್ಲ, ಎಂದರೆ ಹಸುವಲ್ಲ, ಹುಲ್ಲೆ. ನೀರ್ಗುದುರೆ ಎನ್ನಿ, ನೀರಾನೆ ಎನ್ನಿ, ಅದರ ಹತ್ತಿರದ ನೆಂಟ ತಿಮಿಂಗಿಲ. ಹೆಸರಿಟ್ಟವರು ಮೊದಲ ನೋಟಕ್ಕೆ ಕಂಡದ್ದನ್ನು ಹೆಸರಾಗಿಸಿದರು. ನಮ್ಮ ಆಟವೂ ಮೊದಲ ನೋಟದ್ದೇ ಆದ್ದರಿಂದ ಅವರು ಎಲ್ಲಿ ಎಡವಿದರೋ ಆಟಗಾರರೂ ಅಲ್ಲೇ ಎಡವುತ್ತಾರೆ. ಪೆಟ್ಟಿಗೆಗೆ ಈ ಪ್ರಾಣಿಗಳನ್ನು ಬೇಕೆಂದೇ ಸೇರಿಸಿದೆ.

ಇನ್ನೊಂದು ಗಂಟು ಚಿರತೆ ಮತ್ತು ಚೀತಾ. ಉಚ್ಚಾರ ಹತ್ತಿರವಿದೆ ಎಂದು ಚೀತಾಕ್ಕೂ ಚಿರತೆ ಎಂದೇ ಬರೆಯುವವರಿದ್ದಾರೆ. ಅದಕ್ಕೆ ಸಿವಂಗಿ ಎಂಬ ಒಳ್ಳೆಯ ಹೆಸರು ಇದ್ದೂ ಉಪಯೋಗವಿಲ್ಲದಂತಾಗಿದೆ. ಕಾರ್ಡಿನಲ್ಲಿ ಸಿವಂಗಿ ಎಂದೇ ಬರೆದೆ. ಪ್ರಶ್ನೆ: "ಕಣ್ಣಿನಿಂದ ಬಾಯಿಯವರೆಗೆ ಕಣ್ಣೀರಿಳಿದ ಹಾಗೆ ಕಪ್ಪು ಗೆರೆ ಇದೆಯೇ?" ಅಷ್ಟರಲ್ಲಿ ಸಿವಂಗಿ ಬೇರೆಯಾಗುತ್ತದೆ. ಚಿರತೆಗೂ ಜಾಗ್ವಾರ್‌ಗೂ ಮೈಮೇಲೆ ಹೂವಿನಂಥ ಉಂಗುರಗಳು. ಜಾಗ್ವಾರಿನ ಉಂಗುರದೊಳಗೆ ಸಣ್ಣ ಚುಕ್ಕೆಗಳಿರುತ್ತವೆ, ಚಿರತೆಯದು ಸಾಮಾನ್ಯವಾಗಿ ಖಾಲಿ.

ಆಟ ಹೀಗೆ: ಒಬ್ಬರ ಕೈಯಲ್ಲಿ ಫೋಟೋ, ಇನ್ನೊಬ್ಬರ ಕೈಯಲ್ಲಿ ಕಾರ್ಡು ಕಟ್ಟು ಮತ್ತು ದಬ್ಬಣ. ಫೋಟೋ ಹಿಡಿದವರು ಕಂಡದ್ದನ್ನು ಮಾತ್ರ ಹೇಳಬೇಕು. ಇಲ್ಲಿ "ಗೊರಸು ಸೀಳಿದೆಯೇ?" ಎಂಬ ನನ್ನ ಹೆಮ್ಮೆಯ ಪ್ರಶ್ನೆ ಮಕಾಡೆ ಮಲಗಿತು. ದನ, ಜಿಂಕೆ, ಹಂದಿಗಳಿಗೆ ಸೀಳು ಗೊರಸು, ಕುದುರೆಗೆ ಇಡಿಯದು, ಘೇಂಡಾಮೃಗಕ್ಕೆ ಮೂರು ಬೆರಳು, ಎಷ್ಟು ಚೊಕ್ಕಟ! ಆದರೆ ಹತ್ತರಲ್ಲಿ ಏಳು ಫೋಟೋಗಳಲ್ಲಿ ಪಾದ ಹುಲ್ಲಿನೊಳಗೆ. ಹಾಗಿದ್ದಾಗ ಆ ತೂತನ್ನು ಬಿಟ್ಟುಬಿಡುವುದು, ಅಷ್ಟೆ. ಮರದ ರಚನೆಯಾಗಿದ್ದರೆ ಆಟ ಅಲ್ಲಿಗೇ ನಿಲ್ಲುತ್ತಿತ್ತು.

ಕುರಿ-ಮೇಕೆ ಇನ್ನೊಂದು ಸೋಲು. "ಮೈಮೇಲೆ ಉಣ್ಣೆ ಇದೆಯೇ?" ಎಂದಿಟ್ಟಿದ್ದೆ. ನೆಲ್ಲೂರು ಕುರಿಯ ಫೋಟೋ ಬಂತು. ಉದ್ದ ಕಾಲು, ಮೈಗಂಟಿದ ಗಿಡ್ಡ ಕೂದಲು, ಎಳೆ ಉಣ್ಣೆಯೂ ಇಲ್ಲ. ಪೆಟ್ಟಿಗೆ ಮೇಕೆ ಎಂದಿತು. ಉಣ್ಣೆಯಿಲ್ಲದ ಕುರಿ ತಳಿಗಳು ಪ್ರಪಂಚದಲ್ಲಿ ಬೇಕಾದಷ್ಟಿವೆ. ಪ್ರಶ್ನೆ ಬದಲಿಸಿ "ಬಾಲ ಮೇಲಕ್ಕೆ ನಿಮಿರಿದೆಯೇ?" ಎಂದು ಮಾಡಿದೆ. ಮೇಕೆಯ ಬಾಲ ಸಾಧಾರಣವಾಗಿ ಮೇಲಕ್ಕೆ, ಕುರಿಯದು ಕೆಳಕ್ಕೆ. ಕೂದಲಿಗಿಂತ ಬಾಲವನ್ನು ನಂಬಬಹುದು.

ಈ ಸೋಲೇ ತಳಿಗಳ ಕಡೆಗೆ ಎಳೆದುಕೊಂಡು ಹೋಯಿತು. ಎರಡನೆಯ ಕಟ್ಟು ಮಾಡಿದೆ, 36 ಕಾರ್ಡು: ನಾಯಿ, ದನ-ಎಮ್ಮೆ, ಕುದುರೆ, ಬೆಕ್ಕು. ಕೊರೆಯುವುದು ಈಗ ಕೈವಶವಾಗಿತ್ತು, ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಬರೆಯಲು ಕೂತಾಗ ಮಾತ್ರ ಕೈ ಕಟ್ಟಿಹೋಯಿತು. ಕೆಲವು ಸುಲಭ. ಗಿರ್ ಹಸುವಿಗೆ ಉಬ್ಬಿದ ಹಣೆ, ಮಡಿಸಿದ ಎಲೆಯ ಹಾಗೆ ಜೋತ ಉದ್ದ ಕಿವಿ. ಮುರ್ರಾ ಎಮ್ಮೆಗೆ ಬಿಗಿಯಾಗಿ ಸುರುಳಿ ಸುತ್ತಿದ ಕೋಡು. ಮಾರ್ವಾಡಿ ಕುದುರೆಯ ಕಿವಿ ತುದಿಗಳು ಒಳಕ್ಕೆ ಬಾಗಿ ಒಂದನ್ನೊಂದು ಮುಟ್ಟುವಂತಿರುತ್ತವೆ. ಚೌ ಚೌ ನಾಯಿಯ ನಾಲಗೆ ನೀಲಿಗಪ್ಪು.

ಸೈಬೀರಿಯನ್ ಹಸ್ಕಿ ಮತ್ತು ಅಲಾಸ್ಕನ್ ಮಲಾಮ್ಯೂಟ್ ಎಂಬ ಎರಡು ನಾಯಿ ತಳಿಗಳ ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕತ್ತರಿ ಹಿಡಿದೆ. ಪ್ರಶ್ನೆ: "ಕಣ್ಣು ನೀಲಿಯೇ?" ಮಲಾಮ್ಯೂಟ್ ತಳಿಯ ಕಣ್ಣು ಕಂದು, ಆದ್ದರಿಂದ ಕಚ್ಚಿಲ್ಲ. ಹಸ್ಕಿ? ನೀಲಿ ಇರಬಹುದು, ಕಂದೂ ಇರಬಹುದು, ಒಂದು ಕಣ್ಣು ಹಾಗೆ ಒಂದು ಹೀಗೆಯೂ ಇರಬಹುದು. ಕಚ್ಚು ತೆಗೆದರೆ ಕಂದು ಕಣ್ಣಿನ ಹಸ್ಕಿ ಸಿಗುವುದಿಲ್ಲ. ತೆಗೆಯದಿದ್ದರೆ ನೀಲಿ ಕಣ್ಣಿನದು ಸಿಗುವುದಿಲ್ಲ. ಕತ್ತರಿ ಕೆಳಗಿಟ್ಟೆ.

ಆಗ ಕಂಡದ್ದು ಕಾರ್ಡಿನ ಕೆಳಗಿನ ಅಂಚು, ತೂತಿಲ್ಲದೆ ಖಾಲಿ ಬಿದ್ದಿತ್ತು.

ಮೇಲಿನ ಅಂಚು 'ಹೌದು', ಕೆಳಗಿನ ಅಂಚು 'ಅಲ್ಲ'. ಒಂದೇ ಪ್ರಶ್ನೆಗೆ ಎರಡು ಅಂಚಿನಲ್ಲೂ ಒಂದೊಂದು ತೂತು. ಉತ್ತರ ಹೌದಾದರೆ ಮೇಲಿನ ಅಂಚಿಗೆ ದಬ್ಬಣ, ಅಲ್ಲವಾದರೆ ಕಟ್ಟನ್ನು ತಲೆಕೆಳಗು ಮಾಡಿ ಕೆಳಗಿನದಕ್ಕೆ. ಯಾವಾಗಲೂ ಬಿದ್ದದ್ದೇ ನಮ್ಮದು. ಮಲಾಮ್ಯೂಟ್‌ಗೆ ಕೆಳಗೆ ಮಾತ್ರ ಕಚ್ಚು. ಹಸ್ಕಿಗೆ ಎರಡೂ ಕಡೆ. ನೀಲಿ ಎಂದರೆ ಹಸ್ಕಿ ಬೀಳುತ್ತದೆ, ಮಲಾಮ್ಯೂಟ್ ಜೋತಾಡುತ್ತದೆ. ಕಂದು ಎಂದರೆ ಎರಡೂ ಬೀಳುತ್ತವೆ, ಪ್ರಶ್ನೆ ಏನನ್ನೂ ತೀರ್ಮಾನಿಸಲಿಲ್ಲ ಎಂದರ್ಥ, ಬೇರೆ ತೂತು ನೋಡಿ. ತಳಿಗಳ ವಿಷಯದಲ್ಲಿ ಬಹುಪಾಲು ಪ್ರಶ್ನೆಗಳು ಹೀಗೆ ಒಂದೇ ಕಡೆ ಕೊಯ್ಯುವ ಕತ್ತಿಗಳು.

ಎರಡು ಕಟ್ಟಿಗೂ ಕೆಳಗಿನ ಅಂಚು ಕೊರೆದೆ. ಕಚ್ಚು ತೆಗೆದೆ. ಆರು ಕಾರ್ಡು ಕತ್ತರಿಸಿದ ಮೇಲೆ ಆಡಿ ನೋಡಿದರೆ ಎಲ್ಲವೂ ಅಡ್ಡಾದಿಡ್ಡಿ. ಕಾರ್ಡನ್ನು ಮೇಜಿನ ಮೇಲೆ ಅರ್ಧ ಸುತ್ತು ತಿರುಗಿಸಿದಾಗ ಎಡ ಬಲವಾಗುತ್ತದೆ, ಬಲ ಎಡ. ಎಡದಿಂದ ಮೂರನೆಯದು ಎಂದುಕೊಂಡು ನಾನು ಕತ್ತರಿಸಿದ್ದು ಹನ್ನೆರಡನೆಯ ಪ್ರಶ್ನೆಯ ತೂತನ್ನು. 'ಬಾಲ ಸುರುಳಿಯೇ' ಎಂದರೆ 'ಕಿವಿ ಜೋತಿದೆಯೇ' ಎಂಬುದಕ್ಕೆ ಉತ್ತರ ಬರುತ್ತಿತ್ತು. ರಿಪೇರಿ: ಕಚ್ಚಿನ ಎರಡೂ ಮುಖಕ್ಕೆ ತೆಳು ಕಾಗದದ ಪಟ್ಟಿ ಅಂಟಿಸಿ, ಒಣಗಿದ ಮೇಲೆ ಅಚ್ಚಿನ ಹಲಗೆಯಡಿ ಇಟ್ಟು ಮತ್ತೆ ಕೊರೆದೆ. ಕೆಳಗಿನ ಅಂಚಿನ ಅಂಕಿಗಳನ್ನು ಈಗ ತಲೆಕೆಳಗಾಗಿ ಬರೆದಿದ್ದೇನೆ, ತಿರುಗಿಸಿದಾಗಲೇ ಓದಲು ಬರುತ್ತವೆ.

ಎರಡು ಅಂಚು ಬಂದ ಮೇಲೆ 48 ಪ್ರಾಣಿಗಳ ಮೊದಲಿನ ಕಟ್ಟೂ ಸುಧಾರಿಸಿತು. "ಕೋಡಿದೆಯೇ?" ಎಂಬ ಪ್ರಶ್ನೆಗೆ ಕೃಷ್ಣಮೃಗಕ್ಕೆ ಎರಡೂ ಕಡೆ ಕಚ್ಚು, ಏಕೆಂದರೆ ಹೆಣ್ಣಿಗೆ ಕೋಡಿಲ್ಲ. ಜಿಂಕೆಗಳಿಗೂ ಎರಡೂ ಕಡೆ. ಗಂಡಿನ ಕವಲುಗೊಂಬೂ ಉದುರಿ ಮತ್ತೆ ಬೆಳೆಯುತ್ತದೆ. ಕಪ್ಪು ಚಿರತೆ ಬೇರೆ ಪ್ರಾಣಿಯಲ್ಲ, ಚಿರತೆಯೇ, "ಮೈ ಪೂರ್ತಿ ಕಪ್ಪೇ?" ಎಂಬುದಕ್ಕೆ ಅದೇ ಕಾರ್ಡಿನಲ್ಲಿ ಎರಡು ಕಚ್ಚು.

ಆದರೆ ಎಲ್ಲಕ್ಕೂ ಎರಡು ಕಚ್ಚು ಹಾಕುತ್ತಾ ಹೋದರೆ ಎಲ್ಲ ಕಾರ್ಡೂ ಎಲ್ಲ ಸಲವೂ ಬೀಳುತ್ತದೆ, ಪೆಟ್ಟಿಗೆ ದಂಡ. ಮರಿಗಳ ವಿಷಯದಲ್ಲಿ ಆಗಿದ್ದು ಅದೇ. ಡಾಲ್ಮೇಶಿಯನ್ ಮರಿ ಹುಟ್ಟುವಾಗ ಚುಕ್ಕೆಯಿಲ್ಲದ ಬಿಳಿ. ಸಯಾಮೀಸ್ ಬೆಕ್ಕಿನ ಮರಿಯೂ ಹೆಚ್ಚುಕಡಿಮೆ ಬಿಳಿ; ಅದರ ಬಣ್ಣ ಮೈಯ ತಂಪಾದ ಭಾಗಗಳಲ್ಲಿ, ಎಂದರೆ ಕಿವಿ, ಮುಖ, ಪಾದ, ಬಾಲಗಳಲ್ಲಿ, ಆಮೇಲೆ ಮೂಡುತ್ತದೆ. ಲಿಪಿಜಾನರ್ ಕುದುರೆಯದು ಉಲ್ಟಾ, ಮರಿ ಕಪ್ಪಗೆ ಹುಟ್ಟಿ ವರ್ಷಗಳು ಕಳೆದಂತೆ ಬೆಳ್ಳಗಾಗುತ್ತದೆ. ಇವಕ್ಕೆಲ್ಲ ಜಾಗ ಮಾಡಿಕೊಡಲು ಹೋಗಲಿಲ್ಲ. ಮುಚ್ಚಳದ ಮೇಲೆ "ಬೆಳೆದ ಪ್ರಾಣಿಗಳಿಗೆ ಮಾತ್ರ" ಎಂದು ಬರೆದು ಅಂಟಿಸಿದೆ.

ಬಿಡಿಸಲಾಗದ ಜೋಡಿಗಳೂ ಇವೆ. ಹಳ್ಳಿಕಾರ್ ಮತ್ತು ಅಮೃತಮಹಲ್: ಅದೇ ಬೂದು ಮೈ, ಅದೇ ಹಿಂದಕ್ಕೆ ಬಾಗಿ ಎದ್ದ ಉದ್ದ ಕೋಡು. ಒಂದೇ ಬಳಗದವು. ಎದುರಿಗೆ ನಿಲ್ಲಿಸಿದರೆ ದನ ಸಾಕಿದವರು ಹೇಳಿಯಾರು, ಅಂಗೈಯಗಲದ ಫೋಟೋದಲ್ಲಿ ನನಗೆ ಆಗಲಿಲ್ಲ. ನಡುವಿನಲ್ಲಿ ಬಿಳಿ ಪಟ್ಟಿ ಸುತ್ತಿದ ಬೆಲ್ಟೆಡ್ ಗ್ಯಾಲೋವೆಗೆ ಹುಟ್ಟಾ ಕೋಡಿಲ್ಲ, ಅಂಥದೇ ಪಟ್ಟಿಯ ಡಚ್ ಬೆಲ್ಟೆಡ್‌ಗೆ ಇದೆ. ಹಾಗೆಂದು ಬರೆದು ಮುಗಿಸಿದ ಮೇಲೆ ನೆನಪಾಯಿತು, ಕರುವಿದ್ದಾಗಲೇ ಕೋಡು ಸುಟ್ಟು ತೆಗೆಯುವುದುಂಟು. ಮತ್ತೆ ಒಂದೇ ಕಡೆ ಕೊಯ್ಯುವ ಕತ್ತಿ. ಇಂಥಲ್ಲಿ ಮೇಜಿನ ಮೇಲೆ ಕೊನೆಗೆ ಎರಡು ಕಾರ್ಡು ಉಳಿಯುತ್ತವೆ, "ಇವೆರಡರಲ್ಲಿ ಒಂದು" ಎಂದು ಹೇಳಿದರೂ ಗೆದ್ದಂತೆ ಎಂದು ನಿಯಮ ಮಾಡಿಕೊಂಡೆವು.

ಕಳೆದ ವಾರ ಅವಳು ಗೆಳತಿಯ ಮನೆಯ ನಾಯಿಯ ಫೋಟೋ ತಂದಳು. ಒಂದು ಕಿವಿ ನಿಂತಿದೆ, ಇನ್ನೊಂದು ಮಡಿಸಿದೆ. ಗಿಡ್ಡ ಕಾಲು, ಉದ್ದ ಕೂದಲು, ಸುರುಳಿ ಬಾಲ. ಕಟ್ಟು ನಾನು ಹಿಡಿದೆ. ಗಿಡ್ಡ ಕಾಲು ಎಂದಾಗ ಐದು ಬಿದ್ದವು. ಉದ್ದ ಕೂದಲು, ಎರಡು. ಸುರುಳಿ ಬಾಲ ಎಂದಳು, ದಬ್ಬಣ ತೂರಿಸಿ ಎತ್ತಿದೆ. ಎರಡೂ ಅಲ್ಲೇ. ಸಿಕ್ಕಿಕೊಂಡಿರಬೇಕೆಂದು ಅಲುಗಾಡಿಸಿದೆ, ಕಚ್ಚುಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಸಿಕ್ಕಿಕೊಂಡಿರಲಿಲ್ಲ. ಹಾಗೆ ಇರಬೇಕಾದ್ದೇ ಸರಿ, ಅದು ಬೆರಕೆ ನಾಯಿ.

"ಹಾಗಾದ್ರೆ ಇದಕ್ಕೆ ತಳಿನೇ ಇಲ್ವಾ ಮಾಮ?"

"ಕಾರ್ಡಿಲ್ಲ, ಅಷ್ಟೇ."

ಹೆಚ್ಚಿಗೆ ಕೊರೆದಿಟ್ಟ ಹನ್ನೆರಡರಲ್ಲಿ ಒಂದನ್ನು ಎಳೆದುಕೊಂಡಳು. ಕಾಲು, ಕೂದಲು, ಬಾಲ ಒಂದೊಂದಾಗಿ ಕಚ್ಚು ತೆಗೆದಳು. ಕಿವಿಯ ಪ್ರಶ್ನೆಗೆ ಬಂದಾಗ ಒಂದು ಕ್ಷಣ ಫೋಟೋ ನೋಡಿ, ಮೇಲಿನ ಅಂಚನ್ನೂ ಕತ್ತರಿಸಿದಳು, ಕಾರ್ಡು ತಿರುಗಿಸಿ ಕೆಳಗಿನದನ್ನೂ ಕತ್ತರಿಸಿದಳು.